ಸುಲಭಾ ವೈನಿಯ ಮನೆಯ ಎರಡು ನೀರು

ಮಳೆಯಲ್ಲಿ ನೆನೆದು ಬಂದ ಛತ್ರಿಯನ್ನು ತೊಳೆಯುವವರು ಜಮಖಂಡಿಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಓಣಿಯ ಸುಲಭಾ ವೈನಿ. "ಮಳಿ ನೀರು ಎಲ್ಲೆಲ್ಲಿಂದ ಹಾರಿ ಬಂದಿರ್ತದೋ ಏನೋ," ಎನ್ನುವುದು ಅವರ ವಾದ. ಇದಕ್ಕೆ ಪ್ರತಿವಾದ ಹೂಡುವ ಧೈರ್ಯ ಊರಿನ ವಕೀಲರಿಗೂ ಇಲ್ಲ. ವೈನಿ ಕೋರ್ಟಿನ ನಕಲು ವಿಭಾಗದಲ್ಲಿದ್ದಾರೆ. ತೀರ್ಪಿನ ಪ್ರತಿ ಬೇಕಾದವರು ಅವರ ಕಿಟಕಿಯ ಮುಂದೆಯೇ ನಿಲ್ಲಬೇಕು. ದಿನವಿಡೀ ನಕಲು ಕೊಡುವ ಈ ಹೆಂಗಸಿನಷ್ಟು ಅಸಲಿ ಮನುಷ್ಯರು ನನಗಂತೂ ಬೇರೆ ಸಿಕ್ಕಿಲ್ಲ.

ಹೆಸರು ಸುಲಭಾ ಜೋಶಿ. ಹೆಸರನ್ನು ನಂಬಿ ಸಲುಗೆ ತೋರಿಸಿದವರು ಕಷ್ಟಕ್ಕೆ ಸಿಕ್ಕಿದ್ದಾರೆ. ಅವರ ಮೈದುನ ಒಬ್ಬ ಚಿಕ್ಕಂದಿನಲ್ಲಿ ವೈನಿ ಎಂದು ಕರೆದದ್ದೇ ನೆಪವಾಗಿ ಈಗ ಇಡೀ ಓಣಿಗೆ ಅವರು ಅತ್ತಿಗೆ. ಹುಟ್ಟಿದ್ದು ಮುಧೋಳದಲ್ಲಿ, ನೌಕರಿಯ ಮೊದಲ ಕುರ್ಚಿ ಬೀಳಗಿಯಲ್ಲಿ, ಮದುವೆಯ ಸೀರೆ ರಬಕವಿಯಿಂದ, ಮದುವೆ ಜಮಖಂಡಿಗೆ. ಒಂದೇ ಬಸ್ಸಿನ ದಾರಿಯಲ್ಲಿ ಮುಗಿಯುವ ಬದುಕು. ಕಂಡಕ್ಟರು ಮನಸ್ಸು ಮಾಡಿದರೆ ಎಲ್ಲಕ್ಕೂ ಸೇರಿಸಿ ಒಂದೇ ಟಿಕೆಟ್ ಕೊಡಬಹುದು. ಗಂಡ ವೇದವ್ಯಾಸರಿಗೆ ಮುಧೋಳದ ಬ್ಯಾಂಕಿನಲ್ಲಿ ಕೆಲಸ. ಹೆಂಡತಿಯ ತವರಿಗೆ ದಿನಾ ಹೋಗಿ ಸಂಜೆ ಮರಳಿ ಬರುವ ಗಂಡ ಎಂಬ ಕೀರ್ತಿ ಅವರದು. ಈ ಕಥೆ ನಡೆಯುವಾಗಲೆಲ್ಲ ಅವರು ಬಸ್ಸಿನಲ್ಲಿಯೇ ಇರುತ್ತಾರಾದ್ದರಿಂದ ಅವರನ್ನು ಅಲ್ಲಿಯೇ ಬಿಡೋಣ.

ಮನೆಯ ಹಿರಿಯರು ಮಾವ ಕೃಷ್ಣಾಜಿ. ಎಂಬತ್ತು ದಾಟಿದೆ. ನಾಲ್ಕಾರು ಮನೆಗಳ ಪೂಜೆಯನ್ನು ಈಗಲೂ ಬಿಟ್ಟಿಲ್ಲ. ಹಲ್ಲು ಬಿಟ್ಟಿವೆ, ಮಂತ್ರ ಬಿಟ್ಟಿಲ್ಲ. ಆ ಮನೆಯಲ್ಲಿ ನೀರಿನ ಕಾನೂನು ಅವರದು, ಅದರ ಜಾರಿ ಸೊಸೆಯದು.

ಕಾನೂನು ಹೀಗಿದೆ. ಮನೆಯಲ್ಲಿ ನೀರು ಎರಡು. ಒಂದು ಬಳಸುವ ನೀರು. ಹಿತ್ತಲಿನ ಬೋರಿನಿಂದ ಬರುತ್ತದೆ. ನೋಡಲು ಕನ್ನಡಿಯಷ್ಟು ತಿಳಿ, ಬಾಯಿಗಿಟ್ಟರೆ ಸವಳು. ಆ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಸವಳು ನೋಡಲು ಸಾವಳಗಿಯ ತನಕ ಹೋಗಬೇಕಿಲ್ಲ, ನಮ್ಮ ನಮ್ಮ ಹಿತ್ತಲುಗಳಲ್ಲಿಯೇ ಧಾರಾಳವಾಗಿದೆ. ಇನ್ನೊಂದು ಕುಡಿಯುವ ನೀರು. ನಳದಲ್ಲಿ ಬರುವ ಹೊಳೆಯ ನೀರು. ಅದು ದಿನ ಬಿಟ್ಟು ದಿನ, ಒಮ್ಮೊಮ್ಮೆ ಮನಸ್ಸು ಬಿಟ್ಟು ಮನಸ್ಸು ಬರುತ್ತದೆ. ಅದನ್ನು ಸೋಸಿ ಅಡುಗೆಮನೆಯ ತಾಮ್ರದ ಹಂಡೆಯಲ್ಲಿ ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿ ಇಡುತ್ತಾರೆ. ಕುಡಿಯುವ ನೀರಿನಲ್ಲಿ ಏನನ್ನೂ ತೊಳೆಯಬಾರದು. ಬಾಯಿಗೆ ತಾಗಿದ್ದು ಯಾವುದೂ ಹಂಡೆಯ ಹತ್ತಿರ ಸುಳಿಯಬಾರದು. ಆ ಮನೆಯಲ್ಲಿ ಲೋಟವನ್ನು ತುಟಿಗೆ ತಾಗಿಸಿ ಕುಡಿದವರಿಲ್ಲ. ಎಲ್ಲರೂ ತಲೆ ಎತ್ತಿ ಗಂಟಲಿಗೆ ಗುರಿ ಇಟ್ಟು ಹೊಯ್ದುಕೊಳ್ಳುವವರು. ಅತಿಥಿಗಳು ಮಾತ್ರ ಅಂಗಿ ತೋಯಿಸಿಕೊಂಡು ಹೋಗುತ್ತಾರೆ.

ಇಂಥ ಮನೆಯ ಮಗಳು ಕೇತಕಿ, ಬಾಯಲ್ಲಿ ರಬ್ಬರು ಕಚ್ಚಿಕೊಂಡು ಕಡಲಿನೊಳಗೆ ಇಳಿಯುವ ಕೆಲಸಕ್ಕೆ ಸೇರಿದಳು.

ಈಜು ಕಲಿತದ್ದು ಸೋದರಮಾವನ ಹೊಲದ ಬಾವಿಯಲ್ಲಿ. ಕಾಲೇಜಿನ ಪ್ರವಾಸದಲ್ಲಿ ಮುರ್ಡೇಶ್ವರಕ್ಕೆ ಹೋದಾಗ ನೇತ್ರಾಣಿ ದ್ವೀಪದ ಹತ್ತಿರ ಸಮುದ್ರದೊಳಗೆ ಒಮ್ಮೆ ಇಳಿದಳು. ಮೇಲೆ ಬಂದಳಾದರೂ ಮನಸ್ಸು ಬರಲಿಲ್ಲ. ಡಿಗ್ರಿ ಮುಗಿಸಿ ಅಲ್ಲಿಯೇ ಪ್ರವಾಸಿಗರನ್ನು ಕೈ ಹಿಡಿದು ಮುಳುಗಿಸುವ ನೌಕರಿ ಹಿಡಿದಳು. ಮುಳುಗಿಸುವ ಕಂಪನಿಗಳು ನಮ್ಮಲ್ಲಿ ಹೊಸವಲ್ಲ, ಮುಳುಗಿಸಿ ಮೇಲೆ ತರುವ ಕಂಪನಿ ಎಂದು ಓಣಿಯವರು ಮೆಚ್ಚಿದರು. ಕೃಷ್ಣಾಜಿ ಮಾತ್ರ ಬಹಳ ಹೊತ್ತು ಯೋಚಿಸಿ ಹೇಳಿದ್ದು ಇಷ್ಟು:

"ನಮ್ಮ ವಂಶದಾಗ ನೀರಾಗ ಮುಳುಗಿ ಪುಣ್ಯ ಗಳಿಸಿದವರು ಭಾಳ ಮಂದಿ ಆಗಿ ಹೋಗ್ಯಾರ. ಪಗಾರ ಗಳಿಸಿದಾಕಿ ಈಕೀನ ಮೊದಲು."

ಸುಲಭಾ ವೈನಿ ಮುರ್ಡೇಶ್ವರಕ್ಕೆ ಒಮ್ಮೆಯೂ ಹೋಗಲಿಲ್ಲ. ಮಗಳು ಕಳಿಸಿದ ವೀಡಿಯೊಗಳನ್ನು ತೆರೆಯದೆ ಉಳಿಸಿಕೊಂಡರು. ಹೆದರಿಕೆ ಎಂದು ಒಪ್ಪಿಕೊಳ್ಳುವ ಪೈಕಿ ಅಲ್ಲ, "ಫೋನಿನಾಗ ಜಾಗಾ ಇಲ್ಲ," ಎನ್ನುತ್ತಿದ್ದರು. ಆದರೆ ಆ ಕೆಲಸದ ಒಂದು ಭಾಗವನ್ನು ಯಾರೂ ಕೇಳದೆಯೇ ತಮ್ಮ ಕೈಗೆ ತೆಗೆದುಕೊಂಡರು. ತೊಳೆಯುವ ಭಾಗ.

ಮಳೆಗಾಲದಲ್ಲಿ ಪಶ್ಚಿಮದ ಕಡಲು ಅಂಗಡಿ ಮುಚ್ಚುತ್ತದೆ. ಮೇ ಕೊನೆಗೆ ಕೇತಕಿ ಮನೆಗೆ ಬರುತ್ತಾಳೆ, ಜೊತೆಗೆ ಒಂದು ಚೀಲ. ಚೀಲದಲ್ಲಿ ಅವಳು ಎರಡು ವರ್ಷ ಹೊಸ ಬಟ್ಟೆ ಕೊಳ್ಳದೆ ಕೊಂಡ ರೆಗ್ಯುಲೇಟರ್. ನಮ್ಮ ಕಡೆ ರೆಗ್ಯುಲೇಟರ್ ಎಂದರೆ ಒಂದೋ ಫ್ಯಾನಿನದು, ಇಲ್ಲವೇ ಗ್ಯಾಸಿನದು. ಇದು ಗ್ಯಾಸಿನದರ ಓದಿದ ತಂಗಿ. ಒಂದು ತುದಿಯಲ್ಲಿ ಮುಷ್ಟಿಯಷ್ಟು ದಪ್ಪದ, ಬೆಳ್ಳಿಯಂತೆ ಹೊಳೆಯುವ ಮುಲಾಮು ಲೇಪದ ಹಿತ್ತಾಳೆಯ ತುಂಡು. ಅದು ಗಾಳಿ ತುಂಬಿದ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಒಂದು ಕಪ್ಪು ಕೊಳವೆ. ಕೊಳವೆಯ ಇನ್ನೊಂದು ತುದಿಯಲ್ಲಿ ಡಬ್ಬಿಯಂಥ ಬಾಯಿತುಂಡು. ಅದು ಮನುಷ್ಯರಿಗೆ ಕಚ್ಚಿಕೊಳ್ಳುತ್ತದೆ. ಡಬ್ಬಿಯ ನಡುವೆ ಒಂದು ಗುಂಡಿ. ಬಾಯಿತುಂಡಿನೊಳಗೆ ನೀರು ಹೊಕ್ಕರೆ ಗುಂಡಿ ಒತ್ತಬೇಕು, ಗಾಳಿ ರಭಸದಿಂದ ಬಂದು ನೀರನ್ನು ಆಚೆ ತಳ್ಳುತ್ತದೆ. ಬಿಟ್ಟ ಕೂಡಲೇ ಗುಂಡಿ ತಾನೇ ಮೇಲೆದ್ದು ನಿಲ್ಲಬೇಕು.

ಉಪ್ಪು ನೀರಿನಲ್ಲಿ ಕೆಲಸ ಮಾಡಿದ ಈ ಸಾಮಾನನ್ನು ಸರಿಯಾಗಿ ತೊಳೆಯದಿದ್ದರೆ ಉಪ್ಪು ಒಣಗಿ ಹರಳಾಗಿ ಸಂದುಗಳಲ್ಲಿ ಕೂರುತ್ತದೆ. ಮೊದಲ ವರ್ಷವೇ ಕೇತಕಿ ಅವ್ವನಿಗೆ ಪಾಠ ಮಾಡಿದ್ದಳು. ಹಿತ್ತಾಳೆಯ ಬಾಯಿಗೆ ಮುಚ್ಚಳ ಹಾಕು, ಮೊದಲು ಮುಚ್ಚಳ ಒರೆಸಿ ಒಣಗಿಸು. ಆಮೇಲೆ ಬಕೆಟ್ಟಿನಲ್ಲಿ ನೆನೆಹಾಕು. ನೀರಿನಲ್ಲಿದ್ದಾಗ ಗುಂಡಿ ಒತ್ತಬೇಡ, ಒತ್ತಿದರೆ ಒಳಬಾಗಿಲು ತೆರೆದು ನೀರು ಕೊಳವೆ ಹತ್ತಿ ಹಿತ್ತಾಳೆಯ ಹೊಟ್ಟೆಗೆ ಹೋಗುತ್ತದೆ. ಬಾಯಿತುಂಡಿನೊಳಗೆ ನೀರು ಹರಿಸು. ನೆರಳಲ್ಲಿ ಒಣಗಿಸು, ಬಿಸಿಲಿಗೆ ಇಟ್ಟರೆ ರಬ್ಬರು ಸೀಳುತ್ತದೆ.

ವೈನಿ ಇದನ್ನು ಹೈಕೋರ್ಟಿನ ಸುತ್ತೋಲೆಯಂತೆ ಪಾಲಿಸಿದರು. ಮಳೆಗಾಲ ಬಂದಾಗಲೆಲ್ಲ ಹಿತ್ತಲಿನಲ್ಲಿ ಬಕೆಟ್ಟುಗಳ ಸಾಲು. ಒಂದರಲ್ಲಿ ನೆನೆಸುವುದು, ಇನ್ನೊಂದರಲ್ಲಿ ಜಾಲಿಸುವುದು, ಮತ್ತೊಂದರಲ್ಲಿ ಮನಸ್ಸಿನ ಸಮಾಧಾನಕ್ಕೆ. ಆಮೇಲೆ ಪಡಸಾಲೆಯ ಗೂಟಕ್ಕೆ ಬಿಳಿ ಪಂಜೆ ಸುತ್ತಿ ತೂಗುಹಾಕುವುದು. ಬಂದವರು ಯಾರೋ ಬಾಳಂತಿಯ ತೊಟ್ಟಿಲು ಎಂದುಕೊಳ್ಳಬೇಕು, ಅಷ್ಟು ಜೋಪಾನ.

ಈ ಸಲವೂ ಹಾಗೆಯೇ ಆಗಿತ್ತು. ಆದರೆ ಜೂನಿನ ಮೊದಲ ವಾರ ಕೇತಕಿಗೆ ಪುದುಚೇರಿಯಿಂದ ಫೋನು ಬಂತು. ಪಶ್ಚಿಮದ ಕಡಲು ಬಾಗಿಲು ಹಾಕಿದಾಗ ಪೂರ್ವದ ಕಡಲು ತೆರೆದಿರುತ್ತದಂತೆ. ಅಲ್ಲಿ ಡೈವಿಂಗ್ ಕಲಿಸುವ ಶಿಕ್ಷಕರ ಪರೀಕ್ಷೆ. ಯಾರೋ ಬರಲಾಗದೆ ಒಂದು ಜಾಗ ಖಾಲಿಯಾಗಿದೆ, ಸೋಮವಾರ ಬಂದು ಸೇರಿದರೆ ನಿನಗೆ. ಪಾಸಾದರೆ ಕೈ ಹಿಡಿದು ಮುಳುಗಿಸುವ ನೌಕರಿಯಿಂದ ಕಲಿಸುವ ನೌಕರಿಗೆ ಬಡ್ತಿ. ಒಂದೇ ಕರಾರು, ಸಾಮಾನು ತಮ್ಮದೇ ಇರಬೇಕು, ಮೊದಲ ದಿನ ತಪಾಸಣೆ.

ಕೇತಕಿ ಕುಣಿಯುತ್ತ ಗೂಟದಿಂದ ಪಂಜೆ ಬಿಚ್ಚಿ ರೆಗ್ಯುಲೇಟರ್ ಇಳಿಸಿದಳು. ಗುಂಡಿ ಒತ್ತಿದಳು. ಗುಂಡಿ ಒಳಗೆ ಹೋಯಿತು. ಮೇಲೆ ಬರಲಿಲ್ಲ.

ತಟ್ಟಿದಳು, ಅಲುಗಾಡಿಸಿದಳು. ಗುಂಡಿಯ ಸುತ್ತಲಿನ ಸಂದಿನಲ್ಲಿ ಬಿಳಿಯ ಹೆಪ್ಪು ಕಂಡಿತು. ಹಿತ್ತಾಳೆಯ ಮೇಲೂ ಅಲ್ಲಲ್ಲಿ ಬಿಳಿ ಪೊರೆ.

"ಆಯಿ!" ಎಂದು ಅವ್ವನನ್ನು ಕೂಗಿದಳು. "ಇದನ್ನ ತೊಳೀಲಿಲ್ಲೇನ ನೀ?"

ಅಂದು ಕೋರ್ಟಿಗೆ ರಜೆ ಹಾಕಿದ್ದ ವೈನಿ ಅಡುಗೆಮನೆಯಿಂದ ಬಂದಾಗ ಅವರ ಮುಖ ನೋಡಿದ್ದರೆ ಆ ಪ್ರಶ್ನೆಯನ್ನು ಮಗಳು ವಾಪಸ್ ಪಡೆಯುತ್ತಿದ್ದಳು. ಕೋರ್ಟಿನಲ್ಲಿ ಯಾರಾದರೂ ಅವರ ನಕಲನ್ನು ಸುಳ್ಳು ಎಂದಿದ್ದರೂ ಅಷ್ಟು ಬಿಳಿಚಿಕೊಳ್ಳುತ್ತಿರಲಿಲ್ಲ.

"ನಾ ತೊಳೀಲಿಲ್ಲೇನ? ನಾ? ಮೂರು ಬಕೀಟ ನೀರು ಹೊಯ್ದೀನಿ, ನಿನ್ನ ಕಣ್ಣ ಮುಂದನ!"

"ಮತ್ತ ಇದು ಉಪ್ಪಲ್ಲೇನ? ಗುಂಡಿ ಸಿಕ್ಕೊಂಡದ ನೋಡು. ಸಿಲಿಂಡರಿಗೆ ಹಚ್ಚಿದ್ರ ಗಾಳಿ ಸುಮ್ಮನ ಹರದು ಹೋಗ್ತದ. ನೀರಿನ ಕೆಳಗ ಹಿಂಗಾದ್ರ ಏನು ಗತಿ?"

ಕೊನೆಯ ಮಾತು ಆಡಿದ ಮೇಲೆ ಅದನ್ನು ಆಡಬಾರದಿತ್ತೆಂದು ಅವಳಿಗೆ ತಿಳಿಯಿತು. ವೈನಿ ರೆಗ್ಯುಲೇಟರ್ ಕೈಗೆ ತೆಗೆದುಕೊಂಡು ಬೆಳಕಿಗೆ ಹೋದರು. ಉಗುರಿನಿಂದ ಆ ಬಿಳಿಯನ್ನು ಕೆರೆದರು. ಅದು ಉದುರಲಿಲ್ಲ. ಕಡಲುಪ್ಪಾದರೆ ಕೆರೆದರೆ ಉದುರಬೇಕು, ನಾಲಿಗೆಗೆ ಇಟ್ಟರೆ ಕರಗಬೇಕು. ಇದು ಸುಣ್ಣದಂತೆ ಕಚ್ಚಿಕೊಂಡಿತ್ತು. ಈ ಬಿಳಿ ಅವರಿಗೆ ಹೊಸದಲ್ಲ. ಬಚ್ಚಲಿನ ನಲ್ಲಿಯ ಮೂಗಿನ ಮೇಲೆ ಇದೇ ಇದೆ, ನೀರು ಕಾಸುವ ಕಾಯಿಲ್ ಮೇಲೆ ಇದೇ, ಬಕೆಟ್ಟಿನ ಅಂಚಿಗೂ ಇದೇ. ಪ್ರತಿ ದೀಪಾವಳಿಗೆ ಲಿಂಬೆಹಣ್ಣು ತಿಕ್ಕಿ ತಿಕ್ಕಿ ಬೈಯುತ್ತ ತೆಗೆಯುವುದು ಇದನ್ನೇ.

ವೈನಿ ಹಿತ್ತಲಿಗೆ ಹೋಗಿ ನಲ್ಲಿ ನೋಡಿ ಬಂದರು. ಮತ್ತೆ ರೆಗ್ಯುಲೇಟರ್ ನೋಡಿದರು.

"ಕೇತಕಿ, ನಿಮ್ಮ ಮುರ್ಡೇಶ್ವರದಾಗ ಇದನ್ನ ಯಾವ ನೀರಾಗ ತೊಳೀತೀರಿ?"

"ಬಾವಿ ನೀರಾಗ."

"ಆ ನೀರು ಕುಡೀತೀರೇನು?"

"ಕುಡೀತೀವಿ. ಸಿಹಿ ನೀರದು."

"ಹಂಗಾದ್ರ ಇದು ಕಡಲಿನ ಉಪ್ಪಲ್ಲ," ಎಂದರು ವೈನಿ. "ನಮ್ಮ ಬೋರಿಂದು. ನಾನ ಹಚ್ಚೀನಿ."

ಕೇತಕಿಗೆ ನಗುವೂ ಬಂತು, ಅಳುವೂ ಬಂತು. ಹುಟ್ಟಿದಾಗಿನಿಂದ ಅವಳೂ ಆ ನೀರಿನಲ್ಲಿ ಮಿಂದವಳು. ಅದು ಸವಳೆಂದು ಗೊತ್ತು. ಆದರೆ ಸವಳೆಂದರೆ ಬೇಳೆಯ ವಿಷಯ, ಚಹಾದ ವಿಷಯ. ತೊಳೆಯುವ ವಿಷಯವೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ತೊಳೆಯುವುದೆಂದರೆ ಬಳಸುವ ನೀರು. ಉಪ್ಪನ್ನು ಸವಳಿನಿಂದ ತೊಳೆದು ವರ್ಷಾನುಗಟ್ಟಲೆ ಒಣಗಿಸಿ ತೂಗುಹಾಕಿದ್ದರು. ಋಣ ತೀರಿಸಲು ಸಾಲ ತೆಗೆದ ಹಾಗೆ.

"ರಿಪೇರಿಗೆ ಗೋವಾಕ್ಕ ಕಳಸಬೇಕು," ಎಂದಳು ಕೇತಕಿ. "ಹೋಗಿ ಬರೂದರಾಗ ಪರೀಕ್ಷಾ ಮುಗದು ಹೋಗ್ತದ. ಬಿಡು ಆಯಿ. ಮುಂದಿನ ವರ್ಷ ನೋಡೋಣಂತ."

"ಗೋವಾದಾಗ ಏನು ಮಾಡ್ತಾರ?"

"ಬಿಚ್ಚಿ ತೊಳೀತಾರ. ಬರೇ ಹೊರಗಿನ ಸಂದಿನಾಗ ಸಿಕ್ಕಿದ್ದರ ಉಗುರುಬೆಚ್ಚಗಿನ ಸಿಹಿ ನೀರಾಗ ಭಾಳ ಹೊತ್ತು ನೆನೆಸಿದ್ರ ಬಿಡ್ತದ ಅಂತ ನಮಗ ಕಲಿಸ್ಯಾರ. ಬಿಟ್ರ ಬಿಡ್ತು."

ಸಿಹಿ ನೀರು. ಅಂದು ನಳದ ಸರದಿ ಇರಲಿಲ್ಲ. ಓಣಿಯ ಮೂಲೆಯಲ್ಲಿದ್ದ ಶುದ್ಧ ನೀರಿನ ಘಟಕದ ಮೋಟರು ಸುಟ್ಟು ಬಾಗಿಲಿಗೆ ಬೀಗ. ಮನೆಯಲ್ಲಿದ್ದ ಸಿಹಿ ನೀರು ಒಂದೇ, ಅಡುಗೆಮನೆಯ ಹಂಡೆಯದು. ಅದರ ಪಕ್ಕ ಮಣೆಯ ಮೇಲೆ ಕೃಷ್ಣಾಜಿ ಮಧ್ಯಾಹ್ನದ ಊಟಕ್ಕೆ ಕೂತಿದ್ದರು.

ಮದುವೆಯಾಗಿ ಬಂದಾಗಿನಿಂದ ಸುಲಭಾ ವೈನಿ ಆ ಹಂಡೆಯ ಕಾವಲುಗಾರ್ತಿ. ತಮ್ಮ ಸ್ವಂತ ತಂದೆ ಮುಧೋಳದಿಂದ ಬಂದಾಗ ಚಹಾ ಕುಡಿದ ಕೈಯಲ್ಲಿ ಹಂಡೆ ಮುಟ್ಟಲು ಹೋಗಿದ್ದಕ್ಕೆ "ಅಪ್ಪಾ, ಹಿಂದಕ್ಕ ಸರಿ," ಎಂದವರು. ಅಂಥವರು ಈಗ ಕೈಯಲ್ಲಿ ಎಲ್ಲೆಲ್ಲಿಯದೋ ಕಡಲು ಕಂಡ, ಮಗಳು ಹಲ್ಲಿನಿಂದ ಕಚ್ಚಿದ ರಬ್ಬರು ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತರು. ಕೃಷ್ಣಾಜಿ ತಲೆ ಎತ್ತಿದರು.

"ಏನದು?"

"ಕೇತಕೀದು ರೆಗ್ಯುಲೇಟರ್‌ರಿ ಮಾವನೋರ."

"ಅದು ಆಕಿ ಬಾಯಾಗ ಹಾಕ್ಕೊಳ್ಳೂದಲ್ಲೇನು?"

"ಹೌದ್ರಿ."

"ಮತ್ತ ಇಲ್ಲಿಗ್ಯಾಕ ತಂದಿ?"

ವೈನಿ ಒಳಗೆ ಬಂದರು. ದೊಡ್ಡ ಪಾತೇಲಿ ತೆಗೆದು ಕಟ್ಟೆಯ ಮೇಲಿಟ್ಟರು. ಹಂಡೆಯ ಬಿಳಿ ಬಟ್ಟೆ ಬಿಚ್ಚಿದರು. ತಂಬಿಗೆಯಿಂದ ಕುಡಿಯುವ ನೀರು ಮೊಗೆದು ಪಾತೇಲಿಗೆ ಹೊಯ್ದು ಒಲೆಯ ಮೇಲಿಟ್ಟರು. ಕೃಷ್ಣಾಜಿಯ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು.

"ಎಂಜಲದ್ದನ್ನ ಕುಡಿಯೋ ನೀರಾಗ ಹಾಕ್ತೀಯಲ್ಲ ಸುಲಭಾ!"

"ಹಾಕ್ತೀನ್ರಿ," ಎಂದರು ವೈನಿ. ದನಿ ಏರಿಸಲಿಲ್ಲ. "ಬಳಸೋ ನೀರಾಗ ಹಾಕಿ ಕೆಡಿಸಿದಾಕಿನೂ ನಾನ. ಇದರಾಗಿಂದ ಆಕಿ ಉಸರು ತಗೋತಾಳ್ರಿ ಮಾವನೋರ. ನಾ ಹಂಡೇಕ್ಕ ಹೆದರ್ಲೋ, ಆಕೀ ಉಸರಿಗೆ ಹೆದರ್ಲೋ?"

ಬಾಗಿಲಲ್ಲಿ ನಿಂತ ಕೇತಕಿ ಅಜ್ಜನ ಮುಖ ನೋಡುವ ಬದಲು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳು. ಕೃಷ್ಣಾಜಿ ತುತ್ತನ್ನು ಎಲೆಯಲ್ಲಿಟ್ಟು, ಕೈ ತೊಳೆದು ಬಂದರು. ಬೈಯಲು ಬರುತ್ತಿದ್ದಾರೆಂದು ಇಬ್ಬರೂ ಅಂದುಕೊಂಡರು.

"ಉಸರಿಗೆ ಎಂಜಲ ಇರೂದಿಲ್ಲ," ಎಂದರು ಕೃಷ್ಣಾಜಿ. "ಇದ್ದರ ಮಂತ್ರ ಹೇಳೂದ ಬಂದ್ ಆಗ್ತಿತ್ತು. ಶಂಖಾ ಊದೂದೂ ಬಾಯಿಂದನ ಅಲ್ಲೇನು?"

ಇಷ್ಟು ವರ್ಷ ಈ ಕಲಮು ಎಲ್ಲಿತ್ತೋ ವೈನಿಗೆ ತಿಳಿಯದು. ಹಿರಿಯರ ಕಾನೂನಿನಲ್ಲಿ ಒಳಬಾಗಿಲುಗಳು ಬಹಳ, ಗುಂಡಿ ಎಲ್ಲಿದೆ ಎಂದು ಅವರಿಗಷ್ಟೇ ಗೊತ್ತು.

ಆದರೆ ತೊಂದರೆ ಇನ್ನೊಂದಿತ್ತು. ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡಿದೆ, ಅಂದರೆ ಒಳಬಾಗಿಲು ತೆರೆದೇ ಇದೆ. ಬಾಯಿತುಂಡನ್ನು ನೀರಿನಲ್ಲಿಟ್ಟರೆ ನೀರು ಕೊಳವೆ ಹತ್ತಬಹುದು. ಹಿತ್ತಾಳೆಯ ತುದಿಯನ್ನು ಯಾರಾದರೂ ಎತ್ತರಕ್ಕೆ ಹಿಡಿದಿರಬೇಕು ಎಂದಳು ಕೇತಕಿ. ಅವಳ ಕೈಗೆ ಗುಂಡಿ ತಿಕ್ಕುವ ಕೆಲಸ, ಅವ್ವನ ಕೈಗೆ ನೀರು ಬದಲಿಸುವ ಕೆಲಸ. ಮೂರನೆಯ ಕೈ ಯಾರದು?

"ಆ ಮ್ಯಾಲಿಂದು ಯಾವ ಲೋಹ?" ಎಂದರು ಕೃಷ್ಣಾಜಿ.

"ಹಿತ್ತಾಳಿ ಅಜ್ಜಾ. ಮ್ಯಾಲೆ ಮುಲಾಮು ಹಚ್ಯಾರ."

"ಹಿತ್ತಾಳಿ ಬಾಯಿಗೆ ತಾಗ್ತದೇನು?"

"ಇಲ್ಲ."

"ಕೊಡು ಹಂಗಾದ್ರ."

ಆಮೇಲಿನ ದೃಶ್ಯ ನೋಡಲು ಓಣಿಯವರಿಗೆ ಕರೆ ಬರಲಿಲ್ಲ ಎಂಬುದೇ ನಮ್ಮ ಕೊರಗು. ನಾವು ಕೇಳಿದ್ದು ಕೇತಕಿಯ ಬಾಯಿಂದ. ಉಗುರುಬೆಚ್ಚಗಿನ ನೀರಿನ ಪಾತೇಲಿಯಲ್ಲಿ ಬಾಯಿತುಂಡು. ಮಣೆಯ ಮೇಲೆ ಮಡಿ ಉಟ್ಟು ನಿಂತ ಕೃಷ್ಣಾಜಿ, ತಲೆಯ ಮೇಲೆ ಕೈ ಎತ್ತಿ ಹಿತ್ತಾಳೆ ಹಿಡಿದಿದ್ದಾರೆ. ಕೆಳಗೆ ಮೊಮ್ಮಗಳು ಚಿಕ್ಕ ಮಕ್ಕಳ ಹಲ್ಲುಜ್ಜುವ ಮೆತ್ತನೆಯ ಬ್ರಶ್ಶಿನಿಂದ ಗುಂಡಿಯ ಸುತ್ತ ತಿಕ್ಕುತ್ತಿದ್ದಾಳೆ. ಸೊಸೆ ನೀರು ಆರಿದ ಹಾಗೆಲ್ಲ ಚೆಲ್ಲಿ ಹೊಸದು ಹೊಯ್ಯುತ್ತಿದ್ದಾರೆ. ದೇವರೊಂದು ಕಡಿಮೆ, ಉಳಿದಂತೆ ಅಭಿಷೇಕವೇ.

"ಲಿಂಬಿಹಣ್ಣಿನ ರಸ ಒಂದೀಟು ಹಾಕ್ಲೇನು? ನಲ್ಲಿಗೆ ಅದನ ಹಚ್ಚೂದು," ಎಂದರು ವೈನಿ.

"ಬ್ಯಾಡ ಆಯಿ! ಒಳಗ ರಬ್ಬರ್ ಅದ. ನಿನ್ನ ನಲ್ಲಿ ಬ್ಯಾರೆ, ನನ್ನ ಗಂಟಲ ಬ್ಯಾರೆ."

"ಕೈ ಜೋಮು ಹಿಡದದ," ಎಂದರು ಮೇಲಿನಿಂದ ಕೃಷ್ಣಾಜಿ.

"ಇಳಸಬ್ಯಾಡ್ರಿ ಮಾವನೋರ, ನೀರು ಏರ್ತದ!"

"ಇಳಸಂಗಿಲ್ಲ ಅಂತನ ಹೇಳ್ಲಿಕ್ಕತ್ತೀನಿ. ಜೋಮು ಹಿಡದದ ಅಂತ ಹೇಳೂದಕ್ಕೂ ನಿರ್ಬಂಧ ಅದೇನು ಈ ಮನ್ಯಾಗ?"

ಮಧ್ಯಾಹ್ನ ಕಳೆದು ಚಹಾದ ಹೊತ್ತಾಯಿತು. ಹಂಡೆ ತಳ ಕಂಡಿತು. ಆ ಮನೆಯಲ್ಲಿ ಅಂದು ಚಹಾ ಆಗಲಿಲ್ಲ. ಗುಂಡಿ ಮೊದಲು ಕೂದಲೆಳೆಯಷ್ಟು ಅಲುಗಿತು. ಆಮೇಲೆ ಅರ್ಧ ಎದ್ದು ಮತ್ತೆ ಕೂತಿತು, ಕಚೇರಿಯಲ್ಲಿ ಸಾಹೇಬರು ಬಂದರೋ ಇಲ್ಲವೋ ಎಂದು ನೋಡುವ ಗುಮಾಸ್ತನ ಹಾಗೆ. ಕೊನೆಗೆ ಸದ್ದಿಲ್ಲದೆ ಪೂರ್ತಿ ಮೇಲೆದ್ದಿತು. ಕೇತಕಿ ಹೊರತೆಗೆದು ಒಣಗಿಸಿ ಒತ್ತಿದಳು. ಒಳಗೆ ಹೋಯಿತು, ಹೊರಗೆ ಬಂತು. ಮತ್ತೆ ಒತ್ತಿದಳು. ಬಂತು.

ಕೃಷ್ಣಾಜಿ ಕೈ ಇಳಿಸಿ, "ಆತಲ್ಲ?" ಎಂದು ಸ್ನಾನಕ್ಕೆ ಹೋದರು. ಕಾನೂನು ಕಾನೂನೇ.

ಆಗಿಲ್ಲ ಎಂದು ವೈನಿಗೆ ಗೊತ್ತಿತ್ತು. ಖಾಲಿ ಗುಂಡಿ ಏಳುವುದು ಬೇರೆ, ಸಿಲಿಂಡರಿನ ಗಾಳಿ ತುಂಬಿದಾಗ ಅದು ನಿಲ್ಲುವುದು ಬೇರೆ. ಜಮಖಂಡಿಯಲ್ಲಿ ಗಾಳಿಮಾತಿಗೆ ಬರವಿಲ್ಲ, ಗಾಳಿ ತುಂಬಿದ ಸಿಲಿಂಡರು ಮಾತ್ರ ಸಿಗುವುದಿಲ್ಲ. ಪರೀಕ್ಷಿಸದೆ ಮಗಳನ್ನು ಬಸ್ಸು ಹತ್ತಿಸುವುದಿಲ್ಲ ಎಂದು ಅವರು ನಿರ್ಧರಿಸಿಬಿಟ್ಟರು. ಆಗ ನೆನಪಾದವನು ಸಾತಪ್ಪ.

ಸಾತಪ್ಪ ಹೊಳೆದಂಡೆಯ ಊರು ತುಬಚಿಯವನು. ಹೊಲ ಹಂಚಿಕೆಯ ಪಾಲುವಾಟ್ನಿ ತೀರ್ಪಿನ ನಕಲಿಗಾಗಿ ವೈನಿಯ ಕಿಟಕಿಗೆ ಅಲೆದಾಡಿದವನು. ಕೃಷ್ಣಾ ನದಿಯಿಂದ ನೀರೆತ್ತುವ ಯೋಜನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಮುಳುಗುಗಾರ. ಪಂಪುಗಳು ನೀರು ಎಳೆಯುವ ಬಾಯಿಗೆ ಕಸ, ಜೊಂಡು ಸಿಕ್ಕಿಕೊಂಡರೆ ಒಳಗಿಳಿದು ಬಿಡಿಸುವುದು ಅವನ ಕೆಲಸ. "ನಮ್ಮ ಮಗಳೂ ಇದನ್ನ ಮಾಡ್ತಾಳ," ಎಂದು ಆಗ ವೈನಿ ಹೇಳಿದ್ದರು. ಯಾರ ಬಳಿಯೂ ಹೇಳದ ಮಾತು ಅವನ ಬಳಿ ಬಂದಿತ್ತು.

ಶನಿವಾರವೂ ಕೋರ್ಟಿಗೆ ರಜೆ ಹಾಕಿ, ಮಗಳೊಂದಿಗೆ ಬಸ್ಸಿನಲ್ಲಿ ತುಬಚಿಗೆ ಹೋದರು. ಮುಂಗಾರಿನ ಮಹಾಪೂರ ಇನ್ನೂ ಬಂದಿರಲಿಲ್ಲ. ಹೊಳೆ ದಂಡೆಗಳಿಂದ ದೂರ ಸರಿದು ನಡುವಿನಲ್ಲಿ ಹರಿಯುತ್ತಿತ್ತು. ಸಾತಪ್ಪ ಸಿಲಿಂಡರ್ ಹೆಗಲ ಮೇಲೆ ಹೊತ್ತು ಬಂದ.

"ಬರ್ರಿ ಬಾಯಾರ, ಬರ್ರಿ. ನನ್ನ ಕೇಸಿನ ನಕಲು ಕೊಡಾಕ ಎಷ್ಟು ತಿರುಗಿಸಿದ್ರಿ, ಇವತ್ತ ನೀವ ನನ್ನ ಕಿಟಕೀಗೆ ಬಂದ್ರಿ ನೋಡ್ರಿ!"

"ತಿರಗಸಿದ್ದು ನಾನಲ್ಲೋ ಸಾತಪ್ಪಾ, ಸ್ಟ್ಯಾಂಪು ಕಡಿಮಿ ಇತ್ತು ನಿಂದು."

"ಇರ್ಲಿ ಬಿಡ್ರಿ, ನಾ ಸ್ಟ್ಯಾಂಪು ಕೇಳಂಗಿಲ್ಲ. ತಂಗೀ, ಇಷ್ಟು ತೊಳಿತೀರೇನವಾ ಇದನ್ನ? ನಾ ಹೊಳ್ಯಾಗಿಂದ ಬಂದ್ರ ಗ್ವಾಡಿಗೆ ಒಗದು ಮಕ್ಕೊಂಡ್ ಬಿಡತೇನಿ."

"ನಿಂದು ಸಿಹಿ ನೀರು ಸಾತಪ್ಪಣ್ಣಾ. ಪುಣ್ಯವಂತ ನೀ," ಎಂದಳು ಕೇತಕಿ.

"ಪುಣ್ಯಾ ಎಲ್ಲಿಂದ ಬರಬೇಕವಾ, ಜೊಂಡು ಬರತೈತಿ. ಪುಣ್ಯಾ ಇವತ್ತಿಗೂ ಜಾಳಿಗ್ಯಾಗ ಸಿಕ್ಕಿಲ್ಲ."

ಪಂಪುಗಳಿಂದ ಬಹಳ ದೂರ, ನೀರು ನಿಂತಂತಿದ್ದ ಒಂದು ಮಡುವಿನ ಅಂಚಿಗೆ ಕರೆದೊಯ್ದ. ಕೇತಕಿ ಹಿತ್ತಾಳೆಯನ್ನು ಸಿಲಿಂಡರಿಗೆ ಕಚ್ಚಿಸಿದಳು. ವಾಲ್ವು ತಿರುಗಿಸಿದಳು. ಕೊಳವೆ ಸೆಟೆದು ನಿಂತಿತು. ಮೂವರೂ ಕಿವಿಗೊಟ್ಟರು. ಸುಂಯ್ ಎನ್ನುವ ಸದ್ದು ಬರಬಾರದು. ಬರಲಿಲ್ಲ. ಗುಂಡಿ ಒತ್ತಿದಳು, ಗಾಳಿ ಭುಸ್ಸೆಂದಿತು, ಬಿಟ್ಟಳು, ನಿಂತಿತು.

"ಇನ್ನ ನೀರಾಗ ನೋಡ್ತೀನಿ," ಎಂದು ಸಿಲಿಂಡರ್ ಬೆನ್ನಿಗೇರಿಸಿಕೊಂಡು ಎದೆಮಟ್ಟದ ನೀರಿಗಿಳಿದಳು. ಕುತ್ತಿಗೆ ಮುಳುಗಿತು, ತಲೆ ಮುಳುಗಿತು. ಮೇಲೆ ಗುಳ್ಳೆಗಳು ಮಾತ್ರ ಉಳಿದವು.

ಮಗಳು ನೀರಿನೊಳಗೆ ಹೋಗುವುದನ್ನು ಸುಲಭಾ ವೈನಿ ಕಣ್ಣಾರೆ ನೋಡಿದ್ದು ಅಂದೇ ಮೊದಲು. ದಡದ ಕಲ್ಲಿನ ಮೇಲೆ ಕೂತಿದ್ದವರು ಎದ್ದು ನಿಂತರು. ಗುಳ್ಳೆಗಳು ಒಂದು ಗುಂಪಾಗಿ ಬರುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಬರುತ್ತಿದ್ದವು. ನಿಂತಾಗಲೆಲ್ಲ ವೈನಿಯ ಉಸಿರೂ ನಿಲ್ಲುತ್ತಿತ್ತು. ಸಾತಪ್ಪ ಓರೆಗಣ್ಣಿನಿಂದ ನೋಡಿದ.

"ಬಾಯಾರ, ನೀವು ಉಸರು ಬಿಡ್ರಿ. ಆಕೀಗೆ ಸಿಲಿಂಡರ್ ಐತಿ, ನಿಮಗಿಲ್ಲ."

ವೈನಿ ಬಿಟ್ಟರು. ಹೊಳೆಯ ಆ ದಡದಲ್ಲಿ ಎಮ್ಮೆಗಳು ಇಳಿದವು. ಗುಳ್ಳೆಗಳು ಮಡುವಿನ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನ ಹೋಗಿ, ಅಷ್ಟೇ ನಿಧಾನ ಮರಳಿ ಬಂದವು. ಕೇತಕಿ ತಲೆ ಎತ್ತಿದಳು. ಬಾಯಿತುಂಡು ತೆಗೆದು, ಕೆಸರು ಮೆತ್ತಿದ ಕೂದಲು ಸರಿಸಿ ನಕ್ಕಳು.

"ಛಲೋ ಅದ ಆಯಿ! ಏನೂ ತ್ರಾಸಿಲ್ಲ."

"ಖರೇನ?"

"ಖರೇನ."

ವೈನಿ ಮಗಳ ಮುಖವನ್ನು ಒಂದು ಗಳಿಗೆ ನೋಡಿದರು. ಪುದುಚೇರಿಗೆ ಹೋಗಬೇಕೆಂಬ ಹುಡುಗಿ ಯಾವ ಪ್ರಶ್ನೆಗೂ ಛಲೋ ಅದ ಎಂದೇ ಹೇಳುತ್ತಾಳೆ. ತಾವು ಅವಳ ವಯಸ್ಸಿನಲ್ಲಿ ಬೀಳಗಿಯ ನೌಕರಿಗೆ ಹೊರಟಾಗ, ಅಲ್ಲಿಯ ಬಾಡಿಗೆ ಕೋಣೆಗೆ ಬಾಗಿಲೇ ಸರಿ ಇಲ್ಲದಿದ್ದರೂ ಅಪ್ಪನಿಗೆ ಹೇಳಿದ್ದು ಅದನ್ನೇ. ಸೀರೆಯ ನೆರಿಗೆ ಎತ್ತಿ ಕಟ್ಟಿ, ಕೆಸರಿನಲ್ಲಿ ಕಾಲಿಡುತ್ತ ನೀರಿನ ಅಂಚಿಗೆ ಬಂದರು.

"ಇಲ್ಲಿ ಕೊಡು."

"ಏನು?"

"ಬಾಯಿಂದು. ನಾ ನೋಡ್ತೀನಿ."

"ಆಯಿ, ನಾ ಈಗರೆ ಕಚ್ಚೀನಿ ಅದನ್ನ. ತಡಿ, ತೊಳದು ಕೊಡ್ತೀನಿ—"

"ಕೊಡು ಅಂದ್ರ ಕೊಡು."

ಕೇತಕಿ ಕೊಟ್ಟಳು. ಸುಲಭಾ ವೈನಿ ಬಾಯಿತುಂಡನ್ನು ತಿರುಗಿಸಿ ನೋಡಿದರು, ಒರೆಸಲಿಲ್ಲ. ಮಗಳ ಹಲ್ಲಿನ ಗುರುತಿದ್ದ ರಬ್ಬರನ್ನು ತಮ್ಮ ಹಲ್ಲಿನಲ್ಲಿ ಕಚ್ಚಿದರು. ಮೂಗು ಹಿಡಿದುಕೊಂಡರು. ಮೊದಲ ಉಸಿರು ಅರ್ಧಕ್ಕೇ ನಿಂತಿತು, ಕಣ್ಣು ಅಗಲವಾದವು. ಎರಡನೆಯದು ಪೂರ್ತಿ ಬಂತು. ಗಾಳಿ ತಣ್ಣಗಿತ್ತು, ಒಣಗಿತ್ತು, ಯಾವ ರುಚಿಯೂ ಇರಲಿಲ್ಲ. ಒಳಗೆ ಎಳೆದಾಗ ಬಂತು, ಬಿಟ್ಟಾಗ ನಿಂತಿತು. ಗುಂಡಿ ಒತ್ತಿದರು, ಕೆನ್ನೆ ಬಲೂನಿನಂತೆ ಉಬ್ಬಿತು, ಸಾತಪ್ಪ ಮುಖ ತಿರುಗಿಸಿ ನಕ್ಕ. ಬಿಟ್ಟರು. ನಿಂತಿತು. ಹಾಗೆಯೇ ಕೆಸರಿನಲ್ಲಿ ನಿಂತು ಅವರು ಬಹಳ ಹೊತ್ತು ಉಸಿರಾಡಿದರು. ಯಾರೂ ಅವಸರ ಮಾಡಲಿಲ್ಲ.

ಕೊನೆಗೆ ಬಾಯಿಂದ ತೆಗೆದು ಮಗಳ ಕೈಗಿಟ್ಟರು.

"ಹೆಂಗನಸ್ತು?" ಎಂದಳು ಕೇತಕಿ.

"ನಾಳಿನ ಬಸ್ಸಿಗೆ ಟಿಕೀಟ ತಗಸು," ಎಂದರು ವೈನಿ. ಆಮೇಲೆ ಸೀರೆಯ ಅಂಚು ಹಿಂಡುತ್ತ, ಹೊಳೆಯ ಕಡೆ ಒಮ್ಮೆ ಸಂಶಯದಿಂದ ನೋಡಿ ಹೇಳಿದರು: "ಮತ್ತ ಅದನ್ನ ಹಂಗ ಚೀಲಕ್ಕ ತುರುಕಬ್ಯಾಡ. ಎಮ್ಮಿ ಇಳದಾವ ಇಲ್ಲೆ. ಇವತ್ತ ನಳ ಬರ್ತದ, ಮನೀಗೆ ಹೋಗಿ ಒಮ್ಮೆ ತೊಳದು ಕೊಡ್ತೀನಿ."